ಹಳೇ ಮದುವೆ ಡಿವಿಡಿ, ಐಫೋನ್ ವಿಡಿಯೋ, ಕ್ಯಾಮ್‌ಕಾರ್ಡರ್ ಫೈಲ್: ಮನೇಲೇ ಕನ್ವರ್ಟ್ ಮಾಡೋಕೆ ಯಾವ ದಾರಿ ಯಾರಿಗೆ?

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಇನ್ನೊಂದು ತಿಂಗಳು ಇದೆ ಅನ್ನೋವಾಗ ಪ್ರತಿ ವರ್ಷ ನನಗೆ ಫೋನ್ ಬರೋಕೆ ಶುರು. ಹಬ್ಬಕ್ಕೆ ಬೆಂಗಳೂರು, ಮೈಸೂರು, ದುಬೈ ಅಂತ ಎಲ್ಲಾ ಕಡೆಯಿಂದ ಮನೆಯವರು ಬರ್ತಾರೆ, ಎಲ್ಲರೂ ಕೂತು ಹಳೇ ವಿಡಿಯೋ ಟಿವಿಲಿ ನೋಡೋಣ ಅಂತ ಆಸೆ, ಆದ್ರೆ ಡಿವಿಡಿ ಪ್ಲೇಯರ್ ಕೆಟ್ಟು ಅಟ್ಟ ಸೇರಿ ಎಷ್ಟೋ ವರ್ಷ ಆಗಿದೆ. ಈ ಸಲ ಒಂದೇ ವಾರದಲ್ಲಿ ಮೂರು ಜನ ಕೇಳಿದ್ರು. ನಾಪೋಕ್ಲಿನ ಗೆಳೆಯನ ಹತ್ರ 2005ರ ಅಕ್ಕನ ಮದುವೆಯ ಮೂರು ಡಿವಿಡಿ ಇದೆ. ಗೋಣಿಕೊಪ್ಪದಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಐಫೋನ್‌ಲ್ಲಿ ತೆಗೆದ ವಿಡಿಯೋನ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದ್ರೆ 'ಫಾರ್ಮ್ಯಾಟ್ ಸಪೋರ್ಟ್ ಇಲ್ಲ' ಅಂತ ಬರ್ತಿದೆ. ಸೋಮವಾರಪೇಟೆ ಕಡೆ ಟೀಚರ್ ಒಬ್ಬರ ಹತ್ರ ಶಾಲೆ ವಾರ್ಷಿಕೋತ್ಸವದ ಕ್ಯಾಮ್‌ಕಾರ್ಡರ್ ಫೈಲ್‌ಗಳು ನಲವತ್ತು ಇವೆ, ಎಲ್ಲಾ ಎಂಟಿಎಸ್, ಅದನ್ನ ಮಕ್ಕಳ ಮನೆಯವರಿಗೆ ಫೋನ್‌ಲ್ಲಿ ನೋಡೋ ಹಾಗೆ ಮಾಡಿ ಕೊಡಬೇಕಂತೆ. ಮೂರೂ ಜನ ಕೇಳಿದ್ದು ಒಂದೇ ಮಾತು, 'ಯಾವ ಸಾಫ್ಟ್‌ವೇರ್ ಒಳ್ಳೇದು?' ಮೂರೂ ಜನಕ್ಕೆ ಒಂದೇ ಉತ್ತರ ಕೊಟ್ಟಿದ್ರೆ ಇಬ್ಬರಿಗೆ ತಪ್ಪು ಹೇಳಿದ ಹಾಗೆ ಆಗ್ತಿತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಸಾಫ್ಟ್‌ವೇರ್ ಹೆಸರಿಗೆ ಮುಂಚೆ ಒಂದು ವಿಷಯ ಗೊತ್ತಿರಬೇಕು. ಎಂಪಿ4, ಎಂಕೆವಿ, ಎವಿಐ, ಎಂಒವಿ, ಎಂಟಿಎಸ್ ಇವೆಲ್ಲ ಬರೀ ಡಬ್ಬಿ. ಒಳಗೆ ವಿಡಿಯೋ ಯಾವ ಥರ ಕುಗ್ಗಿಸಿ ಇಟ್ಟಿದಾರೆ ಅನ್ನೋದು ಬೇರೆ, ಅದಕ್ಕೆ ಕೋಡೆಕ್ ಅಂತಾರೆ. ನಮ್ಮಲ್ಲಿ ಕಾಫಿ ಡಬ್ಬಿ ಇದ್ದ ಹಾಗೆ ಅಂದ್ಕೊಳ್ಳಿ, ಡಬ್ಬಿ ಒಂದೇ ಥರ ಕಂಡ್ರೂ ಒಳಗೆ ಅರೇಬಿಕಾನೂ ಇರಬಹುದು ರೋಬಸ್ಟಾನೂ ಇರಬಹುದು, ಮುಚ್ಚಳ ತೆಗೀದೇ ಗೊತ್ತಾಗಲ್ಲ. ವಿಸಿಡಿ ಒಳಗೆ ಇರೋದು ಎಂಪೆಗ್-1, ಡಿವಿಡಿ ಒಳಗೆ ಎಂಪೆಗ್-2. ಆಮೇಲೆ 2003ರಲ್ಲಿ ಎಚ್.264 ಬಂತು, ಇವತ್ತಿಗೂ ಟಿವಿ, ಫೋನ್, ಹಳೇ ಲ್ಯಾಪ್‌ಟಾಪ್ ಏನೇ ಇರಲಿ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಓಡೋದು ಇದೇ. 2013ರಲ್ಲಿ ಎಚ್.265 ಬಂತು, ಅದನ್ನೇ ಎಚ್‌ಇವಿಸಿ ಅಂತಾನೂ ಕರೀತಾರೆ, ಅದೇ ಕ್ವಾಲಿಟಿಗೆ ಜಾಗ ಕಮ್ಮಿ ಸಾಕು ಆದ್ರೆ ಹಳೇ ಟಿವಿಗಳು ಓದಲ್ಲ. 2018ರಲ್ಲಿ ಎವಿ1 ಬಂತು, ಅದು ಇನ್ನೂ ಚಿಕ್ಕ ಫೈಲ್ ಕೊಡುತ್ತೆ, ಆದ್ರೆ ಮನೆ ಟಿವಿ ಲೆಕ್ಕಕ್ಕೆ ಈಗ್ಲೇ ಅದರ ಸಹವಾಸ ಬೇಡ.

ಇದು ಯಾಕೆ ಮುಖ್ಯ ಅಂದ್ರೆ, ತುಂಬಾ ಸಲ ಒಳಗಿನ ಮಾಲು ಸರಿ ಇರುತ್ತೆ, ಡಬ್ಬಿ ಮಾತ್ರ ಟಿವಿಗೆ ಆಗಲ್ಲ. ಆಗ ಡಬ್ಬಿ ಬದಲಾಯಿಸಿದ್ರೆ ಸಾಕು, ಒಂದು ಗಂಟೆ ವಿಡಿಯೋ ಒಂದೇ ನಿಮಿಷದಲ್ಲಿ ಮುಗಿಯುತ್ತೆ, ಕ್ವಾಲಿಟಿ ಒಂದು ಚೂರೂ ಹೋಗಲ್ಲ. ಇದಕ್ಕೆ ರೀಮಕ್ಸ್ ಅಂತಾರೆ. ಮಾಲನ್ನೇ ಬದಲಾಯಿಸೋದಾದ್ರೆ, ಅಂದ್ರೆ ರೀಎನ್‌ಕೋಡ್ ಮಾಡಿದ್ರೆ, ಪ್ರತಿ ಫ್ರೇಮ್, ಅಂದ್ರೆ ವಿಡಿಯೋದ ಒಂದೊಂದು ಚಿತ್ರನೂ, ಬಿಚ್ಚಿ ಮತ್ತೆ ಕುಗ್ಗಿಸಬೇಕು, ಗಂಟೆಗಟ್ಟಲೆ ಹಿಡಿಯುತ್ತೆ, ಪ್ರತಿ ಸಲನೂ ಸ್ವಲ್ಪ ಸ್ವಲ್ಪ ಚಿತ್ರ ಕೆಡುತ್ತೆ, ಕೆಟ್ಟಿದ್ದು ವಾಪಸ್ ಬರಲ್ಲ. ಒಳಗೆ ಏನಿದೆ ಅಂತ ನೋಡೋಕೆ ವಿಎಲ್‌ಸಿ ಪ್ಲೇಯರ್‌ಲ್ಲಿ ಫೈಲ್ ಓಪನ್ ಮಾಡಿ ಕಂಟ್ರೋಲ್ ಮತ್ತೆ ಜೆ ಒತ್ತಿ, ಕೋಡೆಕ್ ಹೆಸರು, ಅಳತೆ, ಫ್ರೇಮ್‌ರೇಟ್ ಎಲ್ಲಾ ಅಲ್ಲೇ ಬರುತ್ತೆ. ಇನ್ನೂ ವಿವರ ಬೇಕಿದ್ರೆ ಮೀಡಿಯಾಇನ್ಫೋ ಅಂತ ಪುಟ್ಟ ಸಾಫ್ಟ್‌ವೇರ್ ಇದೆ, ಅದೂ ಫ್ರೀ.

ಸರಿ, ಯಾವ ದಾರಿ ಆಯ್ಕೆ ಮಾಡ್ಕೋಬೇಕು ಅನ್ನೋದಕ್ಕೆ ನಾನು ನೋಡೋದು ಏನೇನು ಅಂದ್ರೆ: ಇದು ಕೊನೆಗೆ ಎಲ್ಲಿ ಓಡಬೇಕು, ಟಿವಿಲಾ ಫೋನ್‌ಲ್ಲಾ ಅಥವಾ ಮುಂದಿನ ಮೂವತ್ತು ವರ್ಷ ಜೋಪಾನ ಮಾಡಿ ಇಡೋಕಾ. ಆಮೇಲೆ ಕ್ವಾಲಿಟಿ ಎಷ್ಟು ಹೋದ್ರೆ ಪರವಾಗಿಲ್ಲ, ಎಷ್ಟು ಫೈಲ್ ಇದೆ, ನೆಟ್ಟು ಎಷ್ಟು ಚೆನ್ನಾಗಿದೆ, ಕೈಲಿ ದುಡ್ಡೆಷ್ಟು, ಕಲಿಯೋಕೆ ಎಷ್ಟು ತಾಳ್ಮೆ ಇದೆ. ಮತ್ತೆ ನಮ್ಮ ಕೊಡಗಿಗೆ ಅಂತಾನೇ ಒಂದು ಪ್ರಶ್ನೆ, ಬೇರೆ ಊರಿನವರು ಬರೆಯೋ ಯಾವ ಗೈಡ್‌ಲ್ಲೂ ಇರಲ್ಲ: ಮಧ್ಯದಲ್ಲಿ ಕರೆಂಟ್ ಹೋದ್ರೆ ಏನಾಗುತ್ತೆ?

ಈ ಕರೆಂಟ್ ವಿಷಯ ಮೊದಲು ಹೇಳ್ಬಿಡ್ತೀನಿ. ಎರಡು ವರ್ಷದ ಹಿಂದೆ ಜುಲೈಲಿ, ದಿನಕ್ಕೆ ಎಷ್ಟು ಇಂಚು ಮಳೆ ಆಯ್ತು ಅಂತ ಎಲ್ಲರೂ ಲೆಕ್ಕ ಹಾಕ್ತಿದ್ದ ಸಮಯ, ನಮ್ಮಮ್ಮನ ಅರವತ್ತನೇ ಹುಟ್ಟುಹಬ್ಬದ ವಿಡಿಯೋ ಡೆಸ್ಕ್‌ಟಾಪ್‌ಲ್ಲಿ ಕನ್ವರ್ಟಿಗೆ ಹಾಕಿದ್ದೆ. ಮೂರು ಗಂಟೆ ಕೆಲಸ, ಎಂಬತ್ತು ಪರ್ಸೆಂಟ್ ಆಗಿತ್ತು, ಎಲ್ಲೋ ಲೈನ್ ಮೇಲೆ ಮರ ಬಿತ್ತು, ಹೋಯ್ತು ಕರೆಂಟ್. ಬಂದಿದ್ದು ಮಾರನೇ ದಿನ ಸಾಯಂಕಾಲ. ನೋಡಿದ್ರೆ ಫೈಲ್ ಇದೆ, ಸೈಜೂ ಇದೆ, ಓಪನ್ ಆಗಲ್ಲ. ಯಾಕೆ ಅಂತ ಆಮೇಲೆ ಅರ್ಥ ಆಯ್ತು. ಎಂಪಿ4 ಡಬ್ಬಿಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿಯನ್ನ ಸಾಮಾನ್ಯವಾಗಿ ಎಲ್ಲಾ ಮುಗಿದ ಮೇಲೆ ಕೊನೇಲಿ ಬರೆಯೋದು, ಆ ಪಟ್ಟಿ ಇಲ್ದೆ ಉಳಿದ ಎಂಬತ್ತು ಪರ್ಸೆಂಟೂ ಪ್ಲೇಯರ್‌ಗೆ ಬರೀ ಕಸ. ಎಂಕೆವಿ ಹಾಗಲ್ಲ, ತುಂಡು ತುಂಡಾಗಿ ಬರ್ಕೊಂಡು ಹೋಗುತ್ತೆ, ಮಧ್ಯದಲ್ಲಿ ನಿಂತ್ರೂ ಅಲ್ಲೀವರೆಗಿನದ್ದು ಓಡುತ್ತೆ. ಅದಕ್ಕೇ ಮಳೆಗಾಲದಲ್ಲಿ ಉದ್ದದ ವಿಡಿಯೋನ ನಾನು ಮೊದಲು ಎಂಕೆವಿಗೇ ಮಾಡೋದು, ಪೂರ್ತಿ ಆದ್ಮೇಲೆ ಬೇಕಿದ್ರೆ ಒಂದು ನಿಮಿಷದಲ್ಲಿ ಎಂಪಿ4 ಡಬ್ಬಿಗೆ ಹಾಕ್ಕೊಳ್ಳೋದು. ಲ್ಯಾಪ್‌ಟಾಪ್ ಇದ್ರೆ ಬ್ಯಾಟರಿ ಇದೆಯಲ್ಲ ಅನ್ಬೇಡಿ, ಕನ್ವರ್ಟ್ ಮಾಡೋವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತೆ, ಸುಮ್ನೆ ಟೈಪ್ ಮಾಡೋವಾಗ ಮೂರು ಗಂಟೆ ಬರೋ ಬ್ಯಾಟರಿ ಒಂದು ಗಂಟೆ ಬಂದ್ರೆ ಹೆಚ್ಚು.

ಈಗ ಒಂದೊಂದೇ ದಾರಿ ನೋಡೋಣ.

ಆನ್‌ಲೈನ್ ಕನ್ವರ್ಟರ್ ಸೈಟುಗಳು. ಹುಡುಕಿದ ತಕ್ಷಣ ಮೊದಲು ಸಿಗೋದು ಇವೇ, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಫೈಲ್ ಎಳೆದು ಬಿಟ್ರೆ ಆಯ್ತು. ಆದ್ರೆ ಲೆಕ್ಕ ಹಾಕಿ ನೋಡಿ, ಒಂದು ಡಿವಿಡಿ ಅಂದ್ರೆ 4 ಜಿಬಿ ಅಂತಿಟ್ಕೊಳ್ಳಿ, ಅಪ್‌ಲೋಡ್ ಸ್ಪೀಡ್ 5 ಎಂಬಿಪಿಎಸ್ ಇದ್ರೆ ಕಳಿಸೋಕೇ ಹತ್ತಿರ ಹತ್ತಿರ ಒಂದೂಮುಕ್ಕಾಲು ಗಂಟೆ, ಆಮೇಲೆ ಡೌನ್‌ಲೋಡ್ ಬೇರೆ. ತೋಟದ ಮಧ್ಯೆ ಮನೆ ಇರೋರಿಗೆ, ಒಂದು ಕಡ್ಡಿ ನೆಟ್‌ವರ್ಕ್‌ಗೆ ಅಂಗಳದ ಮೂಲೆ ಹುಡುಕೋರಿಗೆ ಇದು ಆಗೋ ಮಾತಲ್ಲ. ಫ್ರೀ ಅಂದ್ರೂ ಸೈಜಿಗೆ ಮಿತಿ ಇರುತ್ತೆ. ಅದಕ್ಕಿಂತ ಹೆಚ್ಚಾಗಿ, ಮನೆ ಹೆಣ್ಮಕ್ಕಳು ಪುಟ್ಟ ಮಕ್ಕಳು ಎಲ್ಲಾ ಇರೋ ವಿಡಿಯೋನ ಯಾರದ್ದೋ ಸರ್ವರ್‌ಗೆ ಹಾಕೋಕೆ ನನಗಂತೂ ಮನಸ್ಸು ಒಪ್ಪಲ್ಲ. ಇಪ್ಪತ್ತು ಮೂವತ್ತು ಎಂಬಿಯ ಒಂದು ಕ್ಲಿಪ್, ಅದರಲ್ಲಿ ಖಾಸಗಿ ಏನಿಲ್ಲ ಅಂದ್ರೆ ಮಾಡ್ಕೊಳ್ಳಿ, ಅದಕ್ಕಿಂತ ಮುಂದಕ್ಕೆ ಬೇಡ.

ವಿಎಲ್‌ಸಿ. ತುಂಬಾ ಜನರ ಕಂಪ್ಯೂಟರ್‌ಲ್ಲಿ ಈಗಾಗ್ಲೇ ಇದೆ. ಮೀಡಿಯಾ ಮೆನುವಲ್ಲಿ ಕನ್ವರ್ಟ್ ಅಂತ ಇರುತ್ತೆ, ಕಂಟ್ರೋಲ್ ಮತ್ತೆ ಆರ್ ಒತ್ತಿದ್ರೂ ಬರುತ್ತೆ. ಒಂದೆರಡು ಫೈಲ್‌ಗೆ, ಹೊಸದೇನೂ ಹಾಕ್ಕೊಳ್ಳೋದು ಬೇಡ ಅನ್ನೋರಿಗೆ ಸಾಕು. ವಿಡಿಯೋನ ಮುಟ್ಟದೇ ಹಾಗೇ ಇಟ್ಟು ಆಡಿಯೋ ಮಾತ್ರ ಬದಲಾಯಿಸೋ ಆಯ್ಕೆನೂ ಪ್ರೊಫೈಲ್ ಒಳಗೆ ಇದೆ. ಆದ್ರೆ ಅದು ಹುಟ್ಟಿದ್ದು ಪ್ಲೇಯರ್ ಆಗಿ, ಕನ್ವರ್ಟ್ ಅನ್ನೋದು ಅದರ ಪಕ್ಕದ ಕೆಲಸ. ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು, ಎಲ್ಲಾ ಪ್ರೊಫೈಲ್ ಒಳಗೆ ಹೋಗಿ ನಾವೇ ಸರಿ ಮಾಡ್ಕೋಬೇಕು, ಹಾಗೇ ಬಿಟ್ರೆ ಚಿತ್ರ ಚೌಕ ಚೌಕ ಆಗಬಹುದು. ಮುಗಿದ ಮೇಲೆ ಪೂರ್ತಿ ಓಡಿಸಿ ನೋಡ್ದೇ ಮೂಲ ಫೈಲ್ ಅಳಿಸಬೇಡಿ.

ಹ್ಯಾಂಡ್‌ಬ್ರೇಕ್. ಮನೆ ಮಟ್ಟದ ಕೆಲಸಕ್ಕೆ ನಾನು ಹೆಚ್ಚು ಜನಕ್ಕೆ ಹೇಳೋದು ಇದನ್ನೇ, ಅದಕ್ಕೇ ಸ್ವಲ್ಪ ಜಾಸ್ತಿ ಬರೀತೀನಿ. ಪೂರ್ತಿ ಫ್ರೀ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ಅದರ ಸ್ವಂತ ಸೈಟ್‌ನಿಂದ ಮಾತ್ರ ಇಳಿಸ್ಕೊಳ್ಳಿ, ಇದೇ ಹೆಸರಿಟ್ಕೊಂಡು ಏನೇನೋ ಸೇರಿಸಿ ಕೊಡೋ ಸೈಟುಗಳಿವೆ. ವಿಂಡೋಸ್‌ಲ್ಲಿ ಮೊದಲ ಸಲ ಡಾಟ್‌ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಬೇಕು ಅಂತ ಕೇಳಬಹುದು, ಹೆದರಬೇಡಿ, ಅದು ಮೈಕ್ರೋಸಾಫ್ಟ್‌ದೇ, ಹಾಕ್ಕೊಂಡ್ರೆ ಆಯ್ತು. ಡಿವಿಡಿಯ ವಿಡಿಯೋ ಟಿಎಸ್ ಫೋಲ್ಡರ್‌ನ ಹಾಗೇ ತೋರಿಸಿದ್ರೆ ಒಳಗಿನ ಭಾಗಗಳನ್ನ ತಾನೇ ಜೋಡಿಸ್ಕೊಳ್ಳುತ್ತೆ. ಡಿವಿಡಿಲಿ ವಿಒಬಿ ಫೈಲ್‌ಗಳು ಒಂದೊಂದು ಜಿಬಿಗೆ ತುಂಡಾಗಿ ಇರ್ತಾವಲ್ಲ, ಒಂದೊಂದನ್ನೇ ಕನ್ವರ್ಟ್ ಮಾಡಿ ಆಮೇಲೆ ಅಂಟಿಸೋ ಪಾಡು ಇಲ್ಲ.

ಪ್ರಿಸೆಟ್ ಪಟ್ಟಿಲಿ, ಅಂದ್ರೆ ಮೊದಲೇ ಸಿದ್ಧ ಮಾಡಿಟ್ಟ ಸೆಟ್ಟಿಂಗ್‌ಗಳಲ್ಲಿ, ನಮ್ಮ ಡಿವಿಡಿಗಳಿಗೆ 'ಫಾಸ್ಟ್ 576ಪಿ25' ಆರಿಸ್ಕೊಳ್ಳಿ, ಯಾಕಂದ್ರೆ ನಮ್ಮಲ್ಲಿ ಟಿವಿಗೆ ಪಾಲ್ ಅನ್ನೋ ಪದ್ಧತಿ, 720 ಗುಣಿಲೆ 576 ಅಳತೆ, ಸೆಕೆಂಡಿಗೆ 25 ಫ್ರೇಮ್. ಕ್ವಾಲಿಟಿಗೆ ಆರ್‌ಎಫ್ ಅಂತ ಒಂದು ಸ್ಲೈಡರ್ ಇದೆ, ನಂಬರ್ ಕಮ್ಮಿ ಆದಷ್ಟು ಕ್ವಾಲಿಟಿ ಹೆಚ್ಚು, ಫೈಲೂ ದಪ್ಪ. ಡಿವಿಡಿಗೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24 ಇಟ್ರೆ ಸರಿ ಹೋಗುತ್ತೆ. ನಮ್ಮ ಕಡೆ ವಿಡಿಯೋಗೆ ನಾನು ಒಂದೆರಡು ನಂಬರ್ ಕೆಳಗೇ ಇಡ್ತೀನಿ. ಕಾರಣ ಇದೆ, ಮಳೆ ಹನಿ, ಅಲ್ಲಾಡೋ ಎಲೆ, ಸಿಲ್ವರ್ ಓಕ್ ಮರದ ಸಣ್ಣ ಸಣ್ಣ ಕೊಂಬೆ, ಇವೆಲ್ಲ ಪ್ರತಿ ಫ್ರೇಮ್‌ಲ್ಲೂ ಬದಲಾಗ್ತಾವೆ, ಹಿಂದಿನ ಫ್ರೇಮ್ ನೋಡಿ ಊಹಿಸೋ ಕೋಡೆಕ್‌ಗೆ ಇದಕ್ಕಿಂತ ಕಷ್ಟದ ದೃಶ್ಯ ಇಲ್ಲ. ಮಂಜಿನದು ಬೇರೆ ಥರ ಕಷ್ಟ, ಮಡಿಕೇರಿ ರಾಜಾ ಸೀಟಲ್ಲಿ ನಿಂತು ತೆಗೆದ ವಿಡಿಯೋ ಜಾಸ್ತಿ ಕುಗ್ಗಿಸಿದ್ರೆ ನಯವಾಗಿ ಬಿಳಿಯಿಂದ ಬೂದಿಗೆ ಹೋಗೋ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಹಾಲ್ ಒಳಗೆ ಕೂತು ಭಾಷಣ ಮಾಡೋ ವಿಡಿಯೋಗೆ ಸಾಕಾಗೋ ಸೆಟ್ಟಿಂಗ್ ಅಂಗಳದ ವಿಡಿಯೋಗೆ ಸಾಕಾಗಲ್ಲ, ಅದಕ್ಕೆ ಮೊದಲು ಎರಡು ನಿಮಿಷ ಮಾತ್ರ ಕನ್ವರ್ಟ್ ಮಾಡಿ ಟಿವಿಲಿ ನೋಡಿ ಆಮೇಲೆ ಪೂರ್ತಿಗೆ ಹಾಕಿ.

ಇನ್ನೊಂದು, ಹಳೇ ಕ್ಯಾಮೆರಾದ ವಿಡಿಯೋ ಇಂಟರ್‌ಲೇಸ್ ಆಗಿರುತ್ತೆ, ಅಂದ್ರೆ ಒಂದು ಸಾಲು ಬಿಟ್ಟು ಒಂದು ಸಾಲು ಬೇರೆ ಬೇರೆ ಕ್ಷಣದ್ದು. ಕಂಪ್ಯೂಟರ್‌ಲ್ಲಿ ಓಡಿಸಿದ್ರೆ ಕೊಡವ ಮದುವೆಯ ಗಂಗಾಪೂಜೆಲಿ ನೆಂಟರೆಲ್ಲ ವಾಲಗಕ್ಕೆ ಕುಣಿಯೋವಾಗ ಕೈ ಅಂಚಲ್ಲಿ, ಕುಪ್ಪಸದ ತುದೀಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಾಣ್ತಾವೆ ನೋಡಿ, ಅದು ಇದೇ. ಹ್ಯಾಂಡ್‌ಬ್ರೇಕ್ ಪ್ರಿಸೆಟ್‌ಗಳಲ್ಲಿ ಇದನ್ನ ಸರಿ ಮಾಡೋ ಫಿಲ್ಟರ್ ಮೊದಲೇ ಆನ್ ಇರುತ್ತೆ. ಕುಣಿತ ಇನ್ನೂ ನಯವಾಗಿ ಬರಬೇಕು ಅಂದ್ರೆ ಡಿಇಂಟರ್‌ಲೇಸ್ ಜಾಗದಲ್ಲಿ ಬಿಡಬ್ಲ್ಯೂಡಿಐಎಫ್, ಅದರ ಕೆಳಗೆ ಬಾಬ್ ಆರಿಸಿ ಫ್ರೇಮ್‌ರೇಟ್ 50 ಮಾಡಿ. ಫೈಲ್ ಸ್ವಲ್ಪ ದೊಡ್ಡದಾಗುತ್ತೆ, ಆದ್ರೆ ಅವತ್ತು ಡಿವಿಡಿ ಪ್ಲೇಯರ್‌ಲ್ಲಿ ನೋಡಿದ ಆ ನಯ ವಾಪಸ್ ಬರುತ್ತೆ, ನನಗೆ ಮದುವೆ ವಿಡಿಯೋಗಳಿಗೆ ಇದೇ ಇಷ್ಟ.

ಹ್ಯಾಂಡ್‌ಬ್ರೇಕ್‌ನ ಕೊರತೆ ಏನು? ಅದು ವಿಡಿಯೋನ ಯಾವಾಗ್ಲೂ ರೀಎನ್‌ಕೋಡ್ ಮಾಡೇ ಮಾಡುತ್ತೆ, ಡಬ್ಬಿ ಮಾತ್ರ ಬದಲಾಯಿಸೋಕೆ ಬರಲ್ಲ. ಒಂದು ನಿಮಿಷದ ಕೆಲಸಕ್ಕೆ ಗಂಟೆ ಹಿಡಿದು, ಮೇಲಿಂದ ಕ್ವಾಲಿಟಿನೂ ಸ್ವಲ್ಪ ಕಳ್ಕೊಂಡ ಹಾಗೆ ಆಗುತ್ತೆ. ಕರೆಂಟ್ ಹೋದ್ರೆ? ಸರದೀಲಿ ಹಾಕಿದ್ದ ಬಾಕಿ ಫೈಲ್‌ಗಳನ್ನ ಮತ್ತೆ ಓಪನ್ ಮಾಡಿದಾಗ ವಾಪಸ್ ತರ್ಲಾ ಅಂತ ಕೇಳುತ್ತೆ, ಆದ್ರೆ ಅರ್ಧ ಆಗಿದ್ದದ್ದು ಮೊದಲಿಂದ ಶುರು. ಹಾಗಾಗಿ ಮೂರು ಗಂಟೆಯ ಒಂದೇ ಫೈಲ್ ಮಾಡೋಕಿಂತ ಚಾಪ್ಟರ್ ಲೆಕ್ಕದಲ್ಲಿ ಅರ್ಧರ್ಧ ಗಂಟೆಯ ಭಾಗ ಮಾಡಿ ಸರದಿಗೆ ಹಾಕಿದ್ರೆ ಹೋದ್ರೆ ಒಂದು ಭಾಗ ಹೋಗುತ್ತೆ ಅಷ್ಟೇ.

ವೇಗದ ಬಗ್ಗೆ ನನ್ನ ಹಳೇ ಐ5 ಲ್ಯಾಪ್‌ಟಾಪ್‌ನ ಅಂದಾಜು ಹೇಳ್ತೀನಿ, ಫುಲ್ ಎಚ್‌ಡಿ ಒಂದು ಗಂಟೆ ವಿಡಿಯೋ ಎಚ್.264ಗೆ ಮುಕ್ಕಾಲು ಗಂಟೆ, ಅದೇ ಎಚ್.265ಗೆ ಎರಡೂವರೆ ಗಂಟೆ. ಕ್ವಿಕ್ ಸಿಂಕ್ ಆನ್ ಮಾಡಿದ್ರೆ ಎಚ್.264 ಹತ್ತು ನಿಮಿಷ. ಈ ಕ್ವಿಕ್ ಸಿಂಕ್ ಅನ್ನೋದು ಇಂಟೆಲ್ ಚಿಪ್ಪಿನೊಳಗೇ ಇರೋ ಎನ್‌ಕೋಡರ್, ಎನ್‌ವಿಡಿಯಾ ಕಾರ್ಡ್ ಇದ್ರೆ ಅದರಲ್ಲಿ ಎನ್‌ವೆಂಕ್ ಅಂತ ಇರುತ್ತೆ. ವೇಗ ಜಾಸ್ತಿ, ಆದ್ರೆ ಅಷ್ಟೇ ಕ್ವಾಲಿಟಿ ಬೇಕಂದ್ರೆ ಫೈಲ್ ದೊಡ್ಡದಾಗುತ್ತೆ. ಆಗಸ್ಟ್‌ಲ್ಲಿ ಎರಡು ಗಂಟೆ ಮಾತ್ರ ಕರೆಂಟ್ ಇರೋ ದಿನ ನಾನು ಇದನ್ನೇ ಬಳಸೋದು, ಜನವರಿಲಿ ಕಾಫಿ ಕುಯ್ಯೋ ಸಮಯದಲ್ಲಿ ಕರೆಂಟ್ ನೆಟ್ಟಗೆ ಇರೋವಾಗ ರಾತ್ರಿ ಪೂರ್ತಿ ನಿಧಾನದ್ದನ್ನ ಓಡಿಸೋದು.

ಎಫ್ಎಫ್‌ಎಂಪೆಗ್. ಮೇಲೆ ಹೇಳಿದ ಎಷ್ಟೋ ಸಾಫ್ಟ್‌ವೇರ್‌ಗಳ ಒಳಗೆ ದುಡಿಯೋ ಎತ್ತು ಇದೇ, 2000ನೇ ಇಸವಿಲಿ ಫಾಬ್ರಿಸ್ ಬೆಲಾರ್ಡ್ ಅನ್ನೋ ಫ್ರೆಂಚ್ ಪ್ರೋಗ್ರಾಮರ್ ಶುರು ಮಾಡಿದ್ದು. ಬಟನ್ ಇಲ್ಲ, ಕಪ್ಪು ಪರದೆಲಿ ಕಮಾಂಡ್ ಟೈಪ್ ಮಾಡಬೇಕು, ಅದಕ್ಕೇ ಜನ ಹೆದರ್ತಾರೆ. ಆದ್ರೆ ಕೋಡೆಕ್ ಜಾಗದಲ್ಲಿ 'ಕಾಪಿ' ಅನ್ನೋ ಒಂದು ಪದ ಹಾಕಿದ್ರೆ ಡಬ್ಬಿ ಮಾತ್ರ ಬದಲಾಗುತ್ತೆ, ಒಂದೇ ಸಾಲು ಬರೆದು ಫೋಲ್ಡರ್‌ಲ್ಲಿರೋ ನಲವತ್ತು ಫೈಲ್‌ನೂ ಮುಗಿಸಬಹುದು. ಕಮಾಂಡ್ ಬೇಡ ಅನ್ನೋರಿಗೆ ಶಟರ್ ಎನ್‌ಕೋಡರ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಎಫ್ಎಫ್‌ಎಂಪೆಗ್‌ಗೇ ಬಟನ್ ಹಾಕಿ ಕೊಟ್ಟಿದಾರೆ, ಅದರಲ್ಲಿ 'ರೀರ್ಯಾಪ್' ಅನ್ನೋದೇ ಡಬ್ಬಿ ಬದಲಾಯಿಸೋ ಕೆಲಸ. ಮಧ್ಯದ ತುಂಡು ಕತ್ತರಿಸಿ ತೆಗೀಬೇಕು ಅಷ್ಟೇ ಅನ್ನೋದಾದ್ರೆ ಲಾಸ್‌ಲೆಸ್‌ಕಟ್ ನೋಡಿ, ರೀಎನ್‌ಕೋಡ್ ಇಲ್ದೆ ಕತ್ತರಿಸುತ್ತೆ, ಆದ್ರೆ ಕೀಫ್ರೇಮ್, ಅಂದ್ರೆ ಬೇರೆ ಫ್ರೇಮ್ ಆಧಾರ ಬೇಡದ ಪೂರ್ತಿ ಚಿತ್ರ, ಇರೋ ಕಡೆಯಿಂದಲೇ ಶುರು ಆಗೋದ್ರಿಂದ ನೀವು ಹೇಳಿದ ಕ್ಷಣಕ್ಕಿಂತ ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆಗಬಹುದು.

ಇವುಗಳ ನಿಜವಾದ ಉಪಯೋಗ ಗೊತ್ತಾಗೋದು 'ಚಿತ್ರ ಬರ್ತಿದೆ, ಸೌಂಡ್ ಬರ್ತಿಲ್ಲ' ಅನ್ನೋ ತೊಂದರೆಗೆ. ಟಿವಿಗೆ ಡಿಟಿಎಸ್ ಆಡಿಯೋ ಓದೋಕೆ ಬರ್ದೇ ಇದ್ರೆ, ಅಥವಾ ಫೋನ್‌ಗೆ ಎಸಿ3 ಬರ್ದೇ ಇದ್ರೆ ಹೀಗಾಗುತ್ತೆ. ಜನ ಇದಕ್ಕೆ ಪೂರ್ತಿ ವಿಡಿಯೋ ಕನ್ವರ್ಟ್ ಮಾಡ್ತಾರೆ. ಬೇಕಾಗಿಲ್ಲ, ವಿಡಿಯೋ ಕಾಪಿ, ಆಡಿಯೋ ಮಾತ್ರ ಎಎಸಿಗೆ, ಎರಡು ಮೂರು ನಿಮಿಷದಲ್ಲಿ ಮುಗೀತು.

ದುಡ್ಡು ಕೊಡೋ ಕನ್ವರ್ಟರ್‌ಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ನೋಡೋಕೆ ಚೆನ್ನಾಗಿರ್ತಾವೆ, ಟ್ರಯಲ್‌ಲ್ಲಿ ವಿಡಿಯೋ ಮೇಲೆ ದೊಡ್ಡ ವಾಟರ್‌ಮಾರ್ಕ್ ಬರೋದೋ ಸ್ವಲ್ಪ ಭಾಗ ಮಾತ್ರ ಕನ್ವರ್ಟ್ ಆಗೋದೋ ಇರುತ್ತೆ, ಮನೆ ಕೆಲಸಕ್ಕೆ ಫ್ರೀಯವು ಮಾಡದೇ ಇರೋದನ್ನ ಇವು ಮಾಡೋದು ನಾನು ನೋಡಿಲ್ಲ. ಆ ದುಡ್ಡಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ.

ಸ್ಟುಡಿಯೋಗೆ ಕೊಡೋದು. ಕಂಪ್ಯೂಟರ್ ಮುಟ್ಟೋಕೆ ಆಗದ ಹಿರಿಯರಿಗೆ ಇದೇ ಸುಲಭ, ಮತ್ತೆ ವಿಎಚ್‌ಎಸ್ ಅಥವಾ ಮಿನಿಡಿವಿ ಕ್ಯಾಸೆಟ್ ಇದ್ರೆ ಬೇರೆ ದಾರಿ ಕಮ್ಮಿ, ಅದನ್ನ ಓಡಿಸೋ ಮೆಷಿನ್ ಮನೇಲಿ ಇರಲ್ಲ. ಆದ್ರೆ ಕೊಡೋವಾಗ ಬಾಯಿಬಿಟ್ಟು ಹೇಳಿ ಕೊಡಬೇಕು. ನಮ್ಮನೆ ಒಂದು ಡಿವಿಡಿ ಹೀಗೆ ಕೊಟ್ಟಿದ್ದೆ, ವಾಪಸ್ ಬಂದಿದ್ದು ನೋಡಿದ್ರೆ ಹಳೇ ಟಿವಿ ಅಳತೆಯ 4:3 ಚಿತ್ರನ ಹೊಸ ಟಿವಿ ತುಂಬೋ ಹಾಗೆ 16:9ಗೆ ಎಳೆದುಬಿಟ್ಟಿದ್ರು, ತೀರಿಹೋದ ಅಜ್ಜಿ ಮುಖ ಅಗಲ ಆಗಿ ಬೇರೆ ಯಾರೋ ಥರ ಕಾಣ್ತಿತ್ತು, ಅಮ್ಮ ಐದು ನಿಮಿಷ ನೋಡಿ ಎದ್ದು ಹೋದ್ರು. ಹಾಗಾಗಿ 4:3 ಇದ್ದದ್ದು 4:3 ಇರಲಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದ್ರೆ ಬರಲಿ, ಹಿನ್ನೆಲೆಗೆ ಹಾಡು ಸೇರಿಸೋದು ಬೇಡ, ಮೂಲ ಕಾಪಿನೂ ಹಾರ್ಡ್‌ಡಿಸ್ಕ್‌ಲ್ಲಿ ಕೊಡಿ ಅಂತ ಬರೆದೇ ಕೊಡಿ. ಮಿನಿಡಿವಿ ಆದ್ರೆ ಮೂಲ ಕಾಪಿ ಗಂಟೆಗೆ ಸುಮಾರು 13 ಜಿಬಿ ಬರುತ್ತೆ, ಅದಕ್ಕೆ ತಕ್ಕ ಡಿಸ್ಕ್ ತಗೊಂಡು ಹೋಗಿ.

ಈಗ ಆ ಮೂರು ಜನದ ವಿಷಯಕ್ಕೆ ಬರ್ತೀನಿ, ನಿಮ್ಮದೂ ಇದರಲ್ಲಿ ಒಂದಕ್ಕೆ ಹತ್ರ ಇರಬಹುದು.

ಗೋಣಿಕೊಪ್ಪದ ತಂಗಿದು ಸುಲಭ ಅನ್ಸಿತ್ತು, ಪೂರ್ತಿ ಅಲ್ಲ. ಐಫೋನ್ 2017ರಲ್ಲಿ ಐಒಎಸ್ 11 ಬಂದಾಗಿನಿಂದ ಎಚ್.265ಲ್ಲಿ ರೆಕಾರ್ಡ್ ಮಾಡೋಕೆ ಶುರು ಮಾಡ್ತು, ಡಬ್ಬಿ ಎಂಒವಿ. ಅವಳ ಟಿವಿ ಅದಕ್ಕಿಂತ ಹಳೇದು, ಒಳಗಿನ ಮಾಲೇ ಓದೋಕೆ ಬರಲ್ಲ, ಡಬ್ಬಿ ಬದಲಾಯಿಸಿ ಪ್ರಯೋಜನ ಇಲ್ಲ. ಹ್ಯಾಂಡ್‌ಬ್ರೇಕ್‌ಲ್ಲಿ 'ಫಾಸ್ಟ್ 1080ಪಿ30', ಎಚ್.264, ಮುಗೀತು. ಫೋನ್ ವಿಡಿಯೋಲಿ ಫ್ರೇಮ್‌ರೇಟ್ ಏರಿಳಿತ ಇರೋದ್ರಿಂದ ಎಡಿಟ್ ಮಾಡೋ ಯೋಚನೆ ಇದ್ರೆ 'ಕಾನ್ಸ್ಟಂಟ್ ಫ್ರೇಮ್‌ರೇಟ್' ಟಿಕ್ ಮಾಡಿ, ಇಲ್ದಿದ್ರೆ ಕೆಲವು ಎಡಿಟರ್‌ಗಳಲ್ಲಿ ತುಟಿಗೂ ಮಾತಿಗೂ ತಾಳೆ ತಪ್ಪುತ್ತೆ. ಮುಂದಕ್ಕೆ ಈ ರಗಳೆನೇ ಬೇಡ ಅಂದ್ರೆ ಫೋನ್‌ಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ 'ಮೋಸ್ಟ್ ಕಂಪ್ಯಾಟಿಬಲ್' ಹಾಕಿ, ಎಚ್.264ಲ್ಲೇ ರೆಕಾರ್ಡ್ ಆಗುತ್ತೆ, ಜಾಗ ಮಾತ್ರ ಜಾಸ್ತಿ ತಿನ್ನುತ್ತೆ. ಟಿವಿ ಹೊಸದು ಇರೋರು ಇದ್ಯಾವುದೂ ಮಾಡಬೇಡಿ, ಹಾಗೇ ಚುಚ್ಚಿ ನೋಡಿ ಮೊದಲು.

ಟೀಚರ್ ಫೈಲ್‌ಗಳಿಗೆ ಎರಡು ಕೆಲಸ ಹೇಳಿದೆ. ಎಂಟಿಎಸ್ ಒಳಗೆ ಇರೋದು ಎಚ್.264ನೇ, ಆಡಿಯೋ ಸಾಮಾನ್ಯವಾಗಿ ಎಸಿ3. ಶಾಲೆಯಲ್ಲಿ ಜೋಪಾನ ಮಾಡೋ ಕಾಪಿಗೆ ಏನೂ ಮಾಡೋದು ಬೇಡ, ಹಾಗೇ ಹಾರ್ಡ್‌ಡಿಸ್ಕ್‌ಗೆ ಹಾಕಿ. ಮನೆಯವರಿಗೆ ಕಳಿಸೋಕೆ ಮಾತ್ರ ಹ್ಯಾಂಡ್‌ಬ್ರೇಕ್‌ಲ್ಲಿ 720ಪಿ, ಎಂಪಿ4, ಒಂದೊಂದು ನೃತ್ಯ ಒಂದೊಂದು ಫೈಲ್, ಎಲ್ಲಾ ಸರದಿಗೆ ಹಾಕಿ ಮಲ್ಕೊಳ್ಳಿ. ವಾಟ್ಸಾಪ್‌ಲ್ಲಿ ವಿಡಿಯೋ ಅಂತ ಕಳಿಸಿದ್ರೆ ಅದು ಮತ್ತೆ ಕುಗ್ಗಿಸುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ 2 ಜಿಬಿವರೆಗೂ ಹಾಗೇ ಹೋಗುತ್ತೆ. ತಮ್ಮ ಮಗು ಕುಣಿದ ಐದು ನಿಮಿಷ ಸಿಕ್ಕಿದ್ರೆ ಯಾರಿಗೂ ಮೂರು ಗಂಟೆ ಫೈಲ್ ಬೇಡ.

ನಾಪೋಕ್ಲಿನ ಡಿವಿಡಿಗಳದ್ದು ನಿಜವಾಗ್ಲೂ ಅವಸರದ ಕೆಲಸ, ಕನ್ವರ್ಟಿಗಿಂತ ಮುಂಚೆ ಕಾಪಿ. ನಮ್ಮ ಹವೆಗೆ ಡಿಸ್ಕ್ ಮೇಲೆ ಬೂಷ್ಟು ಕಟ್ಟುತ್ತೆ, ಕಬ್ಬಿಣದ ಬೀರು ಒಳಗಿಟ್ರೂ ಕಟ್ಟುತ್ತೆ. ಮೆತ್ತಗಿನ ಬಟ್ಟೆಲಿ ಮಧ್ಯದಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಮೂರೂ ಡಿಸ್ಕ್‌ನ ವಿಡಿಯೋ ಟಿಎಸ್ ಫೋಲ್ಡರ್ ಪೂರ್ತಿ ಹಾರ್ಡ್‌ಡಿಸ್ಕ್‌ಗೆ ಹಾಕ್ಕೊಂಡ್ವಿ, ಹದಿಮೂರು ಜಿಬಿ ಹತ್ರ ಬಂತು. ಆಮೇಲೆ ಒಂದು ವಿಒಬಿ ಫೈಲ್ ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಅವನ ಟಿವಿಗೆ ಚುಚ್ಚಿದ್ವಿ, ಎಷ್ಟೋ ಟಿವಿ ಎಂಪೆಗ್-2 ನೇರವಾಗಿ ಓದುತ್ತೆ, ಹಾಗೆ ಓದಿದ್ರೆ ಕನ್ವರ್ಟೇ ಬೇಡ. ಅವನದ್ದು ಓದ್ಲಿಲ್ಲ. ಹ್ಯಾಂಡ್‌ಬ್ರೇಕ್, 576ಪಿ, ಆರ್‌ಎಫ್ 19, ಬಾಬ್ ಹಾಕಿ 50 ಫ್ರೇಮ್, ಮೊದಲು ಎಂಕೆವಿ. ಒಂದೊಂದು ಡಿಸ್ಕ್ ಒಂದೂವರೆ ಎರಡು ಜಿಬಿ ಆಯ್ತು. ಎಚ್.265 ಮಾಡಿದ್ರೆ ಇನ್ನೂ ಕಮ್ಮಿ ಆಗ್ತಿತ್ತು, ಆದ್ರೆ ಅವನ ಟಿವಿಗೆ ಆಗಲ್ಲ, ಮತ್ತೆ ಡಿಸ್ಕ್ ಜಾಗ ಈಗ ಅಷ್ಟು ದುಬಾರಿ ಅಲ್ಲ.

ಪೆನ್‌ಡ್ರೈವ್ ಹಾಕೋವಾಗ ಇನ್ನೊಂದು ನೆನಪಿಡಿ, ಎಷ್ಟೋ ಹಳೇ ಟಿವಿಗಳು ಫ್ಯಾಟ್32 ಅನ್ನೋ ಥರ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಮಾತ್ರ ಓದ್ತಾವೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಲೆಕ್ಕ ಸುಲಭ, ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನೋದನ್ನ ಒಟ್ಟು ಸೆಕೆಂಡಿಗೆ ಗುಣಿಸಿ ಎಂಟರಿಂದ ಭಾಗಿಸಿದ್ರೆ ಮೆಗಾಬೈಟ್. ಮೂರು ಗಂಟೆ ವಿಡಿಯೋ 2.5 ಎಂಬಿಪಿಎಸ್‌ಲ್ಲಿ 3.4 ಜಿಬಿ ಒಳಗೆ ಕೂರುತ್ತೆ.

ಮೂಲ ಫೋಲ್ಡರ್ ಅಳಿಸಬೇಡ ಅಂತ ಅವನಿಗೆ ಎರಡು ಸಲ ಹೇಳಿದೆ. ಇವತ್ತು ಮಾಡಿದ ಎಚ್.264 ಇವತ್ತಿನ ಟಿವಿಗೆ, ಹತ್ತು ವರ್ಷ ಆದ್ಮೇಲೆ ಬೇರೆ ಏನಾದ್ರೂ ಬೇಕಾದ್ರೆ ಮೂಲದಿಂದಲೇ ಮಾಡಬೇಕು, ಕಾಪಿಯ ಕಾಪಿಯಿಂದ ಅಲ್ಲ. ಒಂದು ಕಾಪಿ ಮೈಸೂರಲ್ಲಿರೋ ಅಕ್ಕನ ಮನೇಲೂ ಇರಲಿ ಅಂದೆ. 2018ರ ಆಗಸ್ಟ್‌ಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಮನೆ ಬಿಟ್ಟು ಉಟ್ಟ ಬಟ್ಟೆಲಿ ಬಂದವರಿಗೆ ಆಲ್ಬಮ್ಮು ಸಿಡಿ ಎತ್ಕೊಳ್ಳೋಕೆ ಎಲ್ಲಿ ಸಮಯ ಇತ್ತು.

ಮುಗಿದ ಫೈಲ್‌ನ ಮೊದಲ ನಿಮಿಷ ನೋಡಿ ಸರಿ ಇದೆ ಅಂತ ಬಿಡಬೇಡಿ, ಕೊನೇ ಐದು ನಿಮಿಷಕ್ಕೆ ಹೋಗಿ, ಯಾರಾದ್ರೂ ಮೈಕ್ ಹಿಡಿದು ಮಾತಾಡೋ ಜಾಗ ನೋಡಿ. ಆಡಿಯೋ ಜಾರೋದು ನಿಧಾನಕ್ಕೆ, ಶುರುವಲ್ಲಿ ಗೊತ್ತಾಗಲ್ಲ, ಎರಡು ಗಂಟೆ ಆದ್ಮೇಲೆ ವಾಲಗದ ಡೋಲು ಪೆಟ್ಟು ಒಂದು ಕಡೆ ಕೈ ಒಂದು ಕಡೆ ಇರುತ್ತೆ. ನಾಪೋಕ್ಲಿನ ಮೂರನೇ ಡಿಸ್ಕ್‌ನ ಕೊನೇಲಿ ಅಕ್ಕನ್ನ ಕಳಿಸಿಕೊಡೋ ದೃಶ್ಯ ಇತ್ತು, ಅಲ್ಲಿವರೆಗೂ ಓಡಿಸಿ ನೋಡಿದ್ವಿ, ತಾಳೆ ಸರಿಯಾಗಿತ್ತು, ಪೆನ್‌ಡ್ರೈವ್ ಟಿವಿ ಪಕ್ಕದಲ್ಲೇ ಇಟ್ಟಿದಾನೆ.